ಹಳೆಯ ಬೇಲಿಕಂಬ ಕೀಳಲು ಫಾರ್ಮ್ ಜಾಕ್: ಹಿಡಿಕೆಯ ಮೇಲೇ ಗಮನವಿರಲಿ

ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್‌ನಲ್ಲಿ 1905ರಿಂದ ತಯಾರಾಗುತ್ತ ಬಂದ ಹೈ-ಲಿಫ್ಟ್ ಮಾದರಿಯ ಜಾಕ್ (ಫಾರ್ಮ್ ಜಾಕ್ ಎಂದರೆ ಇದೇ) ನಮ್ಮಲ್ಲಿ ಹೆಚ್ಚಾಗಿ ಜೀಪಿನ ಹಿಂಬದಿಯಲ್ಲೇ ಕಾಣಿಸುತ್ತದೆಯಾದರೂ, ಜಮೀನಿನಲ್ಲಿ ಹೂತುಹೋದ ಕಬ್ಬಿಣದ ಆ್ಯಂಗಲ್ ಕಂಬವನ್ನು ಕೀಳಲು ಅದರಷ್ಟು ಒದಗುವ ಕೈಸಾಧನ ಮತ್ತೊಂದಿಲ್ಲ. ಸಾಲುತೂತುಗಳಿರುವ ಉಕ್ಕಿನ ಪಟ್ಟಿಯ ಮೇಲೆ ಎರಡು ಪಿನ್‌ಗಳು ಸರದಿಯಂತೆ ಭಾರ ಹೊತ್ತು, ಹಿಡಿಕೆಯ ಒಂದೊಂದು ಒತ್ತಿಗೆ ಒಂದೊಂದು ತೂತು ಮೇಲೇರುತ್ತವೆ.

ಮೊದಲು ಕಂಬದಿಂದ ಮುಳ್ಳುತಂತಿಯನ್ನು ಪೂರ್ತಿ ಬಿಡಿಸಿ. ಹಿಂದಿನ ಸಂಜೆ ಬುಡಕ್ಕೆ ನೀರು ಹಾಕಿ, ಬೆಳಗ್ಗೆ ಹಾರೆಯಿಂದ ಸುತ್ತ ಒಂದು ಗೇಣು ಮಣ್ಣು ಸಡಿಲಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಜಾಕ್‌ನ ಪಾದ ಅಂಗೈಗಿಂತ ಹೆಚ್ಚು ದೊಡ್ಡದಲ್ಲವಾದ್ದರಿಂದ, ಮೆತ್ತನೆಯ ನೆಲದಲ್ಲಿ ಅದರ ಅಡಿಗೆ ದಪ್ಪ ಹಲಗೆ ಇಡಲೇಬೇಕು. ಕಂಬದ ಬುಡಕ್ಕೆ, ಆದಷ್ಟು ಕೆಳಗೆ, ಉಕ್ಕಿನ ಸರಪಳಿಯನ್ನು ಬಿಗಿಯಾಗಿ ಸುತ್ತಿ ಜಾಕ್‌ನ ಮೂತಿಗೆ, ಅಂದರೆ ಭಾರ ಎತ್ತುವ ಮುಂಚಾಚಿದ ತುದಿಗೆ, ಸಿಕ್ಕಿಸಿ. ನೈಲಾನ್ ಹಗ್ಗ ಹಿಗ್ಗಿ ತುಂಡಾಗಿ ಮುಖಕ್ಕೆ ಬಡಿಯಬಹುದು, ಅದು ಬೇಡ.

ಜಾಕ್ ಕಂಬಕ್ಕೆ ಒತ್ತಿಕೊಂಡು ನೆಟ್ಟಗೆ ನಿಂತಿರಬೇಕು. ನಾಲ್ಕೈದು ಒತ್ತಿಗೊಮ್ಮೆ ನಿಲ್ಲಿಸಿ ನೋಡಿ. ವಾಲಿದ್ದರೆ ಇಳಿಸಿ ಮತ್ತೆ ಹೂಡಿ. ಮೈಭಾರವನ್ನೆಲ್ಲ ಹಾಕಿದರೂ ಹಿಡಿಕೆ ಕೆಳಗಿಳಿಯದಿದ್ದರೆ ಅದಕ್ಕೆ ಪೈಪ್ ತೊಡಿಸಿ ಉದ್ದ ಮಾಡಬೇಡಿ, ಇನ್ನಷ್ಟು ಅಗೆಯಿರಿ.

ಏರಿಸುವುದಕ್ಕಿಂತ ಇಳಿಸುವಾಗ ಅಪಾಯ ಹೆಚ್ಚು. ಏರಿಸುವಾಗ ನಾವು ಭಾರವನ್ನು ತಳ್ಳುತ್ತೇವೆ, ಇಳಿಸುವಾಗ ಭಾರವೇ ಹಿಡಿಕೆಯನ್ನು ಮೇಲಕ್ಕೆ ತಳ್ಳುತ್ತದೆ. ಆಗ ಕೈ ಜಾರಿದರೆ ಹಿಡಿಕೆ ಚಿಮ್ಮಿ ದವಡೆಯನ್ನೇ ಮುರಿಯಬಲ್ಲದು. ಆದ್ದರಿಂದ ಹಿಡಿಕೆಯನ್ನು ಪಟ್ಟಿಗೆ ಒರಗಿಸಿ ಕ್ಲಿಪ್‌ನಲ್ಲಿ ಸಿಕ್ಕಿಸಿದ ನಂತರವೇ ದಿಕ್ಕು ಬದಲಿಸುವ ಚಿಲಕವನ್ನು ಕೆಳಕ್ಕೆ ಹಾಕಿ, ಎರಡೂ ಕೈಗಳಿಂದ ಭದ್ರವಾಗಿ ಹಿಡಿದು, ತಲೆಯನ್ನು ಹಿಡಿಕೆಯ ದಾರಿಯಿಂದ ಪಕ್ಕಕ್ಕಿಟ್ಟು, ಒಂದೊಂದೇ ತೂತು ನಿಧಾನವಾಗಿ ಇಳಿಸಿ. ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿರುವುದಿಲ್ಲ: ಮೂತಿಯ ಮೇಲೆ ಸುಮಾರು 68 ಕಿಲೋ ಭಾರವಾದರೂ ಇಲ್ಲದಿದ್ದರೆ ಜಾಕ್ ಹಂತಹಂತವಾಗಿ ಇಳಿಯದೆ ಒಮ್ಮೆಲೇ ಕುಸಿಯುತ್ತದೆ. ಕಂಬ ಕಿತ್ತುಬಂದ ಮರುಕ್ಷಣ ಭಾರ ಇಲ್ಲವಾಗುವುದರಿಂದ, ಚಿಲಕ ಮುಟ್ಟುವ ಮೊದಲು ಕಾಲು ಮತ್ತು ಬೆರಳುಗಳನ್ನು ದೂರವಿಡಿ.

ಕಲ್ಲುಕಂಬಕ್ಕೆ ಈ ವಿಧಾನವನ್ನು ನಾನು ಸೂಚಿಸುವುದಿಲ್ಲ. ಸರಪಳಿ ಓರೆಯಾಗಿ ಎಳೆದರೆ ಕಲ್ಲು ನಡುವೆಯೇ ಮುರಿದು ಬೀಳಬಹುದು, ಅದನ್ನು ಅಗೆದು ತೆಗೆಯುವುದೇ ಸರಿ. ಹೈ-ಲಿಫ್ಟ್‌ನಲ್ಲಿ ಭಾರ ಸುಮಾರು 3,175 ಕಿಲೋ ಮೀರಿದರೆ ತಾನೇ ತುಂಡಾಗುವ ರಕ್ಷಣಾ ಬೋಲ್ಟ್ ಒಂದಿರುತ್ತದೆ. ಅದು ಮುರಿದಾಗ ಅಂಗಡಿಯ ಗಟ್ಟಿ ಬೋಲ್ಟ್ ಹಾಕದೆ ತಯಾರಕರದ್ದನ್ನೇ ತರಿಸಿಕೊಳ್ಳಿ. ಪಿನ್‌ಗಳಲ್ಲಿ ಮಣ್ಣು ಕೂತರೆ ಅವು ತೂತಿನೊಳಗೆ ಪೂರ್ತಿ ಹೊಗುವುದಿಲ್ಲ. ಹಾಗಾಗಿ ಪ್ರತಿ ಬಾರಿ ಬಳಸುವ ಮುನ್ನ ಬ್ರಷ್‌ನಿಂದ ಉಜ್ಜಿ ತೆಳು ಎಣ್ಣೆ ಬಿಡಿ, ಎರಡೂ ಪಿನ್‌ಗಳು ಸ್ಪ್ರಿಂಗ್‌ನ ಬಲದಿಂದ ಸಲೀಸಾಗಿ ಒಳಹೊರಗೆ ಆಡುತ್ತವೆಯೇ ಎಂದು ಖಾಲಿ ಜಾಕ್‌ನಲ್ಲೇ ನೋಡಿಕೊಳ್ಳಿ.