ಕ್ರೇಟ್ ಒಳಗೆ ಕಾಲಿಡದ ನಾಯಿಯನ್ನು ವಿಮಾನಕ್ಕೆ ತಯಾರು ಮಾಡಿದ್ದು

ನಮ್ಮ ಲ್ಯಾಬ್ರಡಾರ್‌ನನ್ನು ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಕರೆದೊಯ್ಯಬೇಕಿತ್ತು. ಕ್ರೇಟ್, ಅಂದರೆ ನಾಯಿಯನ್ನು ಕೂರಿಸಿ ಸಾಗಿಸುವ ಜಾಲರಿ ಬಾಗಿಲಿನ ಪೆಟ್ಟಿಗೆ, ಕಂಡರೆ ಸಾಕು, ಕಾಲೂರಿ ನಿಂತುಬಿಡುತ್ತಿದ್ದ. ಒಳಗೆ ಕೂರಿಸಿ ಬಾಗಿಲು ಹಾಕಿದರೆ ಜೊಲ್ಲು ಸುರಿಸುತ್ತಾ ಜಾಲರಿ ಕಚ್ಚುತ್ತಿದ್ದ.

ಬಿಸ್ಕತ್ತು ಎಸೆದು, ಒಳಗೆ ಹೋದ ತಕ್ಷಣ ಬಾಗಿಲು ಹಾಕಿ ನೋಡಿದೆವು. ಆಮೇಲೆ ಬಿಸ್ಕತ್ತನ್ನೂ ಮೂಸಲಿಲ್ಲ. ಮೇಲೆ ಬೆಡ್‌ಶೀಟ್ ಹೊದಿಸಿದರೂ ಅಷ್ಟೇ. ನಿದ್ದೆ ಮಾತ್ರೆ ಬೇಡವೇ ಬೇಡ ಎಂದರು ಡಾಕ್ಟರು. ಹಾರಾಟದಲ್ಲಿ ಅದು ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಅಪಾಯ.

ಕೊನೆಗೆ ಫಲ ಕೊಟ್ಟಿದ್ದು ಕ್ರೇಟನ್ನೇ ಬಿಚ್ಚಿದ್ದು. ಪ್ಲಾಸ್ಟಿಕ್ ಕ್ರೇಟ್ ಎರಡು ಭಾಗ ಇರುತ್ತದೆ ಅಲ್ವಾ? ಅಂಚಿನ ಬೋಲ್ಟ್ ತೆಗೆದು, ಮೇಲಿನ ಅರ್ಧವನ್ನೂ ಬಾಗಿಲನ್ನೂ ಪಕ್ಕಕ್ಕಿಟ್ಟು, ಕೆಳಭಾಗದಲ್ಲಿ ಅವನ ಹಳೇ ಚಾದರ ಹಾಸಿದೆವು. ಊಟ ಅಲ್ಲೇ. ತಾನಾಗೇ ಅಲ್ಲಿ ಮಲಗಲು ಶುರು ಮಾಡಿದ ಮೇಲೆ ಮೇಲ್ಭಾಗ ಕೂರಿಸಿದೆವು, ಬಾಗಿಲು ಇಲ್ಲದೆ. ಆಮೇಲೆ ಬಾಗಿಲು, ಆದರೆ ತೆರೆದಿಟ್ಟು. ನಂತರ ಊಟದ ಹೊತ್ತಿಗೆ ಮಾತ್ರ ಮುಚ್ಚಿ, ಬಟ್ಟಲು ಖಾಲಿಯಾಗುವ ಮೊದಲೇ ತೆಗೆಯುವುದು. ಬೊಗಳುವ ತನಕ ಕಾಯಬೇಡಿ, ಇದೇ ಮುಖ್ಯ. 5 ನಿಮಿಷ, 15, 30 ಅಂತ ಏರಿಸುತ್ತಾ ಹೋಗಿ, ಆಮೇಲೆ ಕ್ರೇಟ್ ಸಮೇತ ಕಾರಿನಲ್ಲಿ ಒಂದು ಸುತ್ತು. ಹಿಂಜರಿದರೆ ಹಿಂದಿನ ಹಂತಕ್ಕೆ ಮರಳಬೇಕು, ಒತ್ತಾಯ ಬೇಡ.

ಕ್ರೇಟ್ ಕೊಳ್ಳುವ ಮೊದಲು ಅಳತೆ ತೆಗೆಯಿರಿ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಕ್ರೇಟಿನ ಉದ್ದ. ಅಗಲ ಭುಜದ ಅಗಲದ ಎರಡರಷ್ಟು. ನೀರಿನ ಬಟ್ಟಲನ್ನು ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿ ಬಾಗಿಲಿಗೆ ಸಿಕ್ಕಿಸಿ. ಎತ್ತಿಡುವಾಗ ಚೆಲ್ಲುವುದಿಲ್ಲ, ನಿಧಾನವಾಗಿ ಕರಗುತ್ತದೆ.