ಕೋಡಿಯಲ್ಲಿ ಒತ್ತಕ್ಷರ ಸರಿಯಾಗಿ ಕೂತಿತು

ನಮ್ಮ ಹಾಲ್‌ನ ಟಿವಿಗೆ ಹಳೆಯ ಕಂಪ್ಯೂಟರ್ ಒಂದನ್ನು ಜೋಡಿಸಿಟ್ಟಿದ್ದೇನೆ. ಅದರಲ್ಲಿ ಲಿನಕ್ಸ್, ಅದರ ಮೇಲೆ ಕೋಡಿ, ಅಂದರೆ ವಿಡಿಯೊ, ಹಾಡು, ಫೋಟೊಗಳನ್ನು ಟಿವಿಯಲ್ಲಿ ತೋರಿಸುವ ತಂತ್ರಾಂಶ. ಮದುವೆ, ಮುಂಜಿಯ ವಿಡಿಯೊಗಳು, ಊರಿನ ಬಯಲಿನಲ್ಲಿ ನಾನೇ ರೆಕಾರ್ಡ್ ಮಾಡಿದ ಯಕ್ಷಗಾನ, ಅಪ್ಪನ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಭಾವಗೀತೆ, ಎಲ್ಲ ಅದರಲ್ಲೇ ಇವೆ. ಅದನ್ನು ಜಾಸ್ತಿ ಬಳಸುವುದು ಅಮ್ಮ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ‘ಮೇಲಿಂದ ಮೂರನೇದು ಹಾಡು’ ಅಂತ ಜಾಗವನ್ನೇ ನೆನಪಿಟ್ಟುಕೊಂಡಿದ್ದರು. ಮೆನುವಿನಲ್ಲಿ ಒಂದು ಸಾಲು ಆಚೀಚೆ ಆದರೆ ಸಾಕು, ನನಗೆ ಫೋನ್ ಬರುತ್ತಿತ್ತು. ಅಮ್ಮ ಓದಿಕೊಂಡು ಒತ್ತುವ ಹಾಗೆ ಪರದೆ ಮಾಡಬೇಕು ಎಂಬ ಒಂದೇ ಆಸೆಯಿಂದ ಈ ಕೆಲಸಕ್ಕೆ ಕೈ ಹಾಕಿದೆ.

ಕೋಡಿ ಅಂದರೆ ನಮಗೆ ಮೊದಲು ನೆನಪಾಗುವುದು ಕೆರೆ ಕೋಡಿ, ಅಲ್ವಾ? ಈ ಕೋಡಿ ಬೇರೆ. ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಗಾಗಿ ಹುಟ್ಟಿದ ಉಚಿತ ತಂತ್ರಾಂಶ. ಮೊದಲು ಎಕ್ಸ್‌ಬಿಎಂಸಿ ಅಂತಿದ್ದರು. 2014ರಲ್ಲಿ, 14ನೇ ಆವೃತ್ತಿಯಿಂದ, ಕೋಡಿ ಎಂಬ ಹೆಸರು ಬಂತು. ಪರದೆಯ ಮೇಲೆ ಕಾಣುವುದನ್ನೆಲ್ಲ ‘ಸ್ಕಿನ್’ ಎಂಬ ಒಂದು ಫೋಲ್ಡರ್ ನಿರ್ಧರಿಸುತ್ತದೆ. 17ನೇ ಆವೃತ್ತಿಯಿಂದ ಜೊತೆಗೇ ಬರುವ ಸ್ಕಿನ್ನಿನ ಹೆಸರು ಎಸ್ಚುವರಿ. ಅದರೊಳಗೆ ಇರುವುದು ಒಂದಷ್ಟು ಎಕ್ಸ್‌ಎಂಎಲ್ ಕಡತ (ತೆರೆಯುವ, ಮುಚ್ಚುವ ಗುರುತುಗಳ ನಡುವೆ ಮಾಹಿತಿ ಬರೆದ ಪಠ್ಯ), ಚಿತ್ರ, ಫಾಂಟ್, ಬಣ್ಣಗಳ ಪಟ್ಟಿ. ಪ್ರೋಗ್ರಾಮಿಂಗ್ ಬರದವರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು.

ಕಡತ ಮುಟ್ಟುವ ಮೊದಲು ಸೆಟ್ಟಿಂಗ್ಸ್ ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಸ್ಕಿನ್ ಸೆಟ್ಟಿಂಗ್ಸ್‌ನಲ್ಲಿ ಮುಖ್ಯ ಮೆನುವಿನ ಸಾಲುಗಳನ್ನು ಒಂದೊಂದಾಗಿ ಆಫ್ ಮಾಡಬಹುದು. ರೇಡಿಯೊ, ಗೇಮ್ಸ್, ಹವಾಮಾನ ಎಲ್ಲ ತೆಗೆದೆ. ಮೂರೇ ಸಾಲು ಉಳಿದವು. ಬಣ್ಣಗಳೂ ಅಲ್ಲೇ ಇವೆ. ಕಣ್ಣಿನ ಆಪರೇಷನ್ ಆದಮೇಲೆ ಅಮ್ಮನಿಗೆ ಆ ನೀಲಿ ಹಿನ್ನೆಲೆ ಚುಚ್ಚುತ್ತಿತ್ತು. ಕಂದು ಬಣ್ಣಕ್ಕೆ ಬದಲಿಸಿದ ದಿನವೇ ‘ಈಗ ಹಿತವಾಗಿದೆ’ ಅಂದರು.

ಅಕ್ಷರ ಬದಲಿಸಲು ಮಾತ್ರ ಸ್ಕಿನ್ನಿನ ನಕಲು ಬೇಕೇ ಬೇಕು. ಮೂಲವನ್ನೇ ತಿದ್ದಿದರೆ ಮುಂದಿನ ಅಪ್‌ಡೇಟ್ ಎಲ್ಲವನ್ನೂ ಅಳಿಸಿಬಿಡುತ್ತದೆ. ಎಸ್ಚುವರಿ ಫೋಲ್ಡರನ್ನು ನನ್ನ ಹೋಮ್ ಫೋಲ್ಡರಿನಲ್ಲಿ ಕೋಡಿಯ ಆಡ್‌ಆನ್‌ಗಳು, ಅಂದರೆ ಕೋಡಿಗೆ ಸೇರಿಸುವ ಬಿಡಿ ತುಣುಕುಗಳು, ಇರುವ ಜಾಗಕ್ಕೆ ನಕಲಿಸಿದೆ. ಫೋಲ್ಡರಿನ ಹೆಸರು ಬದಲಿಸಿ, ಆಡ್‌ಆನ್.ಎಕ್ಸ್‌ಎಂಎಲ್ ಕಡತದ ಐಡಿಗೂ ಅದೇ ಹೆಸರು ಕೊಟ್ಟೆ. ಕೋಡಿ ಶುರು ಮಾಡಿ ಸ್ಕಿನ್ ಪಟ್ಟಿ ನೋಡಿದರೆ ನನ್ನದು ಇಲ್ಲವೇ ಇಲ್ಲ! ಒಂದಿಡೀ ಸಂಜೆ ಹೋಯಿತು. ನಾವು ಕೈಯಾರೆ ಹಾಕಿದ ಆಡ್‌ಆನ್‌ಗಳನ್ನು ಕೋಡಿ ತಾನಾಗಿ ಚಾಲೂ ಮಾಡುವುದಿಲ್ಲ. ‘ನನ್ನ ಆಡ್‌ಆನ್‌ಗಳು’ ಎಂಬಲ್ಲಿಗೆ ಹೋಗಿ ನಾವೇ ಚಾಲೂ ಮಾಡಬೇಕು. ಇದು ಗೊತ್ತಿದ್ದರೆ ಐದು ನಿಮಿಷದ ಕೆಲಸ.

ಮೆನುವಿನ ಪದಗಳು ಇರುವುದು ಹೋಮ್.ಎಕ್ಸ್‌ಎಂಎಲ್‌ನಲ್ಲಿ. ‘ಮೂವೀಸ್’ ಎಂಬ ಪದ ಅಲ್ಲಿ ನೇರವಾಗಿ ಸಿಗುವುದಿಲ್ಲ, ಅದರ ಬದಲು 342 ಎಂಬ ಸಂಖ್ಯೆ ಇರುತ್ತದೆ. ಕೋಡಿ ಆ ಸಂಖ್ಯೆ ಹಿಡಿದು ಭಾಷೆಯ ಕಡತದಿಂದ ಪದ ತರುತ್ತದೆ. ಕೋಡಿಗೆ ಕನ್ನಡ ಭಾಷೆಯ ಪ್ಯಾಕ್ ಇದೆ. ಅದನ್ನು ಹಾಕಿಕೊಂಡೆ, ಅನುವಾದ ಆಗದ ಕಡೆ ಇಂಗ್ಲಿಷ್ ಕಂಡಿತು. ಅದಕ್ಕೇ ಮುಖ್ಯ ಮೆನುವಿನಲ್ಲಿ ಸಂಖ್ಯೆ ತೆಗೆದು ನೇರವಾಗಿ ‘ಸಿನಿಮಾ’, ‘ಹಾಡು’, ‘ಫೋಟೊ’ ಅಂತ ಬರೆದೆ. ‘ಯಕ್ಷಗಾನ’ ಎಂದು ಹೊಸ ಸಾಲು ಸೇರಿಸಿ, ಒತ್ತಿದರೆ ನೇರ ಆ ಫೋಲ್ಡರ್ ತೆರೆಯುವ ಹಾಗೆ ದಾರಿ ಕೊಟ್ಟೆ. ಕಡತವನ್ನು ಯುಟಿಎಫ್-8 ಎಂಬ, ಕನ್ನಡ ಅಕ್ಷರಗಳನ್ನೂ ಹಿಡಿದಿಡುವ ಸಂಕೇತ ವಿಧಾನದಲ್ಲೇ ಉಳಿಸಬೇಕು.

ಉಳಿಸಿ ನೋಡಿದೆ. ನಾಲ್ಕೂ ಸಾಲಿನಲ್ಲಿ ಬರೀ ಚೌಕಗಳು. ಎಸ್ಚುವರಿಯ ಜೊತೆ ಬರುವ ನೋಟೊ ಸ್ಯಾನ್ಸ್ ಫಾಂಟಿನಲ್ಲಿ ಕನ್ನಡದ ಅಕ್ಷರಗಳೇ ಇಲ್ಲ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. 2020ರಲ್ಲಿ, 18ನೇ ಆವೃತ್ತಿ ಇದ್ದಾಗ, ಒಮ್ಮೆ ಈ ಪ್ರಯತ್ನ ಮಾಡಿ ಕೈಬಿಟ್ಟಿದ್ದೆ. ಆಗ ಕನ್ನಡ ಫಾಂಟ್ ಹಾಕಿದರೆ ಚೌಕಗಳು ಹೋಗಿ ಅಕ್ಷರ ಬಂದವು, ಆದರೆ ಒಡೆದು ಬಂದವು. ‘ಯಕ್ಷಗಾನ’ದಲ್ಲಿ ಕ, ಅದರ ಮೇಲೊಂದು ಅರ್ಧಾಕ್ಷರದ ಕೊಂಬು, ಪಕ್ಕದಲ್ಲಿ ಬೇರೆಯೇ ಆಗಿ ಷ. ಕೋಡಿ ಆಗ ಅಕ್ಷರಗಳನ್ನು ಒಂದೊಂದಾಗಿ ಪಕ್ಕಪಕ್ಕ ಇಡುತ್ತಿತ್ತು, ಅಷ್ಟೇ. ಇಂಗ್ಲಿಷಿಗೆ ಅದು ಸಾಕು. ನಮ್ಮ ಲಿಪಿಯಲ್ಲಿ ಕ ಮತ್ತು ಷ ಸೇರಿದಾಗ ಆಕಾರವೇ ಬದಲಾಗುತ್ತದೆ, ರ ಸೇರಿದರೆ ಅದು ಕೆಳಗೆ ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ. ಯಾವ ಅಕ್ಷರ ಯಾವುದರ ಜೊತೆ ಹೇಗೆ ಕೂಡಬೇಕು ಎಂಬ ನಿಯಮಗಳು ಫಾಂಟಿನೊಳಗೇ ಇರುತ್ತವೆ. ಅವನ್ನು ಓದಿ ಪಾಲಿಸುವ ಕೆಲಸ ಹಾರ್ಫ್‌ಬಝ್ ಎಂಬ ತಂತ್ರಾಂಶದ್ದು. ಅದು ಆಮೇಲೆ ಕೋಡಿಯೊಳಗೆ ಸೇರಿತು. ಈ ಸಲ ನಾನು ಬಳಸಿದ್ದು 2024ರಲ್ಲಿ ಬಂದ 21ನೇ ಆವೃತ್ತಿ, ಒಮೆಗಾ.

ಫಾಂಟಿಗಾಗಿ ಫಾಂಟ್.ಎಕ್ಸ್‌ಎಂಎಲ್ ತೆರೆದೆ. ಅದರಲ್ಲಿ ಉದ್ದಕ್ಕೂ ಒಂದು ಹೆಸರು, ಒಂದು ಫಾಂಟ್ ಕಡತ, ಒಂದು ಅಳತೆ ಇರುತ್ತದೆ. ಕೋಡಿಗೆ ಕೊಡುವ ಫಾಂಟಿನಲ್ಲಿ ಕನ್ನಡದ ಜೊತೆ ಇಂಗ್ಲಿಷ್ ಅಕ್ಷರ, ಅಂಕಿಗಳೂ ಇರಬೇಕು. ಇಲ್ಲದಿದ್ದರೆ ಗಡಿಯಾರದ ಜಾಗದಲ್ಲಿ ಚೌಕ ಬರುತ್ತದೆ. ಎರಡೂ ಇರುವ ಉಚಿತ ಫಾಂಟ್‌ಗಳನ್ನು ಹುಡುಕಿದೆ. ‘ಹುಬ್ಬಳ್ಳಿ’ ಫಾಂಟ್ ಕೈಬರಹದಂತೆ ಮುದ್ದಾಗಿದೆ, ಆದರೆ ಗೆರೆ ತೆಳು. ಸೋಫಾದಿಂದ ಟಿವಿಗೆ 10 ಅಡಿ, ಅಷ್ಟು ದೂರಕ್ಕೆ ಅದು ಕರಗಿಹೋಗುತ್ತದೆ. ಕೊನೆಗೆ ಒಪ್ಪಿದ್ದು ಏಕ್ ಟೈಪ್ ಎಂಬ ಫಾಂಟ್ ತಯಾರಕರ ‘ಬಾಲೂ ತಮ್ಮ 2’. ದಪ್ಪ, ದುಂಡು, ದೂರದಿಂದಲೂ ಒತ್ತಕ್ಷರ ಸ್ಪಷ್ಟ. ಅದರ ಎರಡು ಕಡತಗಳನ್ನು ಸ್ಕಿನ್ನಿನ ಫಾಂಟ್ಸ್ ಫೋಲ್ಡರಿಗೆ ಹಾಕಿ, ನೋಟೊ ಹೆಸರಿದ್ದಲ್ಲೆಲ್ಲ ಅದರ ಹೆಸರು ಬರೆದೆ.

ಸ್ಕಿನ್ ಮತ್ತೆ ಲೋಡ್ ಮಾಡಿದೆ. ‘ಯಕ್ಷಗಾನ’ ಎಂದು ಇಡಿಯಾಗಿ ಬಂತು. ಸುಮ್ನೆ ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದೆ. ನಾಲ್ಕು ವರ್ಷದ ಹಿಂದೆ ಕೈಬಿಟ್ಟ ಕೆಲಸ ಅದು.

ಅಕ್ಷರ ಬಂದರೂ ಜಾಗ ಸಾಲಲಿಲ್ಲ. ವಿವರಣೆಯ ಸಾಲುಗಳಲ್ಲಿ ‘ರಾಷ್ಟ್ರ’, ‘ಶಾಸ್ತ್ರ’ದಂಥ ಪದ ಬಂದರೆ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಇಂಗ್ಲಿಷಿನ ಎತ್ತರಕ್ಕೆ ಅಳೆದ ಪೆಟ್ಟಿಗೆಗಳಲ್ವಾ, ಹಾಗೇ ಆಗುತ್ತದೆ. ಫಾಂಟ್.ಎಕ್ಸ್‌ಎಂಎಲ್‌ನಲ್ಲಿ ‘ಫಾಂಟ್ 13’ ಎಂಬ ಹೆಸರಿಗೆ ಸಾಲುಗಳ ಅಂತರ 1.2 ಎಂದು ಸೇರಿಸಿ, ಅಳತೆ ಎರಡು ಅಂಕ ಇಳಿಸಿದೆ. ಸರಿಹೋಯಿತು. ಇದಕ್ಕೆ ಬೇರೆ ಉಪಾಯ ಇಲ್ಲ, ಬದಲಿಸಿ ನೋಡಿ ಮತ್ತೆ ಬದಲಿಸಬೇಕು. ಅದಕ್ಕೇ ಕೀಬೋರ್ಡಿನ ಎಫ್5 ಕೀಲಿಗೆ ‘ರೀಲೋಡ್‌ಸ್ಕಿನ್’ ಆಜ್ಞೆ ಕೊಟ್ಟುಕೊಂಡೆ. ಕೋಡಿಯನ್ನು ಪ್ರತಿಸಲ ಮುಚ್ಚಿ ತೆರೆಯುವ ಗೋಳು ತಪ್ಪಿತು. ಎಕ್ಸ್‌ಎಂಎಲ್‌ನಲ್ಲಿ ಒಂದು ಮುಚ್ಚುವ ಗುರುತು ಬಿಟ್ಟುಹೋದರೂ ಪರದೆ ಕೆಟ್ಟುಹೋಗುತ್ತದೆ. ಹೆದರಬೇಡಿ, ಕೋಡಿ ತನ್ನ ಕೆಲಸ ದಾಖಲಿಸುವ ಲಾಗ್ ಕಡತದಲ್ಲಿ ದೋಷ ಎಲ್ಲಿದೆ ಎಂದು ಬರೆದಿರುತ್ತದೆ.

ನಮ್ಮ ಮನೆಯ ವಿಡಿಯೊಗಳಿಗೆ ಹೆಸರು, ಪೋಸ್ಟರ್ ನಾನೇ ಕೊಡಬೇಕಿತ್ತು. ಪ್ರತಿ ವಿಡಿಯೊ ಪಕ್ಕದಲ್ಲಿ ಅದರ ವಿವರ ಬರೆದಿಡುವ ಒಂದು ಎನ್‌ಎಫ್‌ಒ ಕಡತ ಇಟ್ಟು ಕನ್ನಡದಲ್ಲೇ ಹೆಸರು ಬರೆದೆ. ವಿಡಿಯೊದಿಂದಲೇ ಒಂದು ದೃಶ್ಯ ತೆಗೆದು, ಚಿತ್ರ ತಿದ್ದುವ ಜಿಂಪ್ ತಂತ್ರಾಂಶದಲ್ಲಿ 1000ಕ್ಕೆ 1500 ಪಿಕ್ಸೆಲ್‌ನ ಪೋಸ್ಟರ್ ಮಾಡಿದೆ. ಚಿತ್ರ ಬದಲಿಸಿದರೂ ಹಳೆಯದೇ ಕಾಣುತ್ತಿದ್ದರೆ ಗಾಬರಿ ಬೇಡ, ಕೋಡಿ ಚಿತ್ರಗಳ ಪ್ರತಿ ಉಳಿಸಿಕೊಂಡಿರುತ್ತದೆ. ಆ ವಿಡಿಯೊದ ಮಾಹಿತಿ ರಿಫ್ರೆಶ್ ಮಾಡಿ.

ಕೋಡಿಯ ದೊಡ್ಡ ಆವೃತ್ತಿ ಬದಲಾದರೆ ಹಳೆಯ ಸ್ಕಿನ್ನಿನ ನಕಲು ಹೊಂದದೇ ಹೋಗಬಹುದು. ಹಾಗಾಗಿ ನಾನು ತಿದ್ದಿದ ಕಡತಗಳನ್ನೆಲ್ಲ, ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ ತಂತ್ರಾಂಶದಲ್ಲಿ ಇಟ್ಟಿದ್ದೇನೆ. ಹೊಸ ಎಸ್ಚುವರಿ ಬಂದಾಗ ಅದರ ಹೊಸ ನಕಲಿಗೆ ಅಷ್ಟೇ ತಿದ್ದುಪಡಿ ಮತ್ತೆ ಮಾಡಿದರಾಯಿತು.

ಅಮ್ಮನಿಗೆ ನಾನು ಏನೂ ಹೇಳದೆ ರಿಮೋಟ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಗಟ್ಟಿಯಾಗಿ ಓದಿದರು. ‘ಯಕ್ಷಗಾನ’ದ ಹತ್ತಿರ ನಿಲ್ಲಿಸಿ ಒತ್ತಿದರು. ಮೊನ್ನೆ ಚಿಕ್ಕಪ್ಪ ಬಂದವರು ಇದನ್ನು ನೋಡಿ ತಮ್ಮ ಮನೆಗೂ ಬೇಕು ಅಂದರು. ಸ್ಕಿನ್ ಫೋಲ್ಡರನ್ನು ಜಿಪ್ ಮಾಡಿ ಪೆನ್‌ಡ್ರೈವಿಗೆ ಹಾಕಿಟ್ಟಿದ್ದೇನೆ. ಅವರಿಗೆ ಮೆನುವಿನಲ್ಲಿ ‘ಭಜನೆ’ ಎಲ್ಲಕ್ಕಿಂತ ಮೇಲೆ ಇರಬೇಕಂತೆ.