ಅನ್ನ ಬಿಡದೆ ಶುಗರ್ ಇಳಿಸಿದೆ

ಗಂಗಾವತಿಯ ಭತ್ತದ ಅಂಗಡಿಯಲ್ಲಿ ಲೆಕ್ಕ ಬರೆಯುವವನು ನಾನು. ಇಲ್ಲಿದ್ದು ಸೋನಾ ಮಸೂರಿ ಬಿಡು ಅಂದರೆ ಹೇಗೆ? "ಮಾಮಾ, ನೀವು ಅನ್ನ ತಿಂತಾ ತೂಕ ಇಳಿಸಿದ್ರ ನಾ ಮೀಸಿ ಬೋಳಿಸ್ತೀನಿ" ಅಂದಿದ್ದ ಹೆಂಡತಿಯ ತಮ್ಮ. ಹತ್ತು ತಿಂಗಳಾಯ್ತು. 88ರ ಹತ್ತಿರ ಇದ್ದ ತೂಕ 75-76ಕ್ಕೆ ಬಂದಿದೆ. 9ರ ಮೇಲಿದ್ದ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಹೋದ ಸಲ 6.5. ಅವನ ಮೀಸೆ ಮಾತ್ರ ಹಾಗೇ ಇದೆ.

ಮೊದಲು ಬರೀ ಜೋಳದ ರೊಟ್ಟಿಗೆ ಬಿದ್ದೆ. ರೊಟ್ಟಿ ಅಲ್ವಾ ಅಂತ ಊಟಕ್ಕೆ ನಾಲ್ಕು, ಮೇಲೆ ಶೇಂಗಾ ಹಿಂಡಿ. ಎರಡು ತಾಸಿಗೆ ಶುಗರ್ ಮೀಟರ್ 230 ತೋರಿಸಿತು. ನವಣೆ ತಂದು ಮೆತ್ತಗೆ ಗಂಜಿ ಮಾಡಿಸಿದೆ, ಅದೂ ಅಷ್ಟೇ. ಜಿಮ್ಮಿಗೆ ಮೂರು ತಿಂಗಳದ್ದು ಮೂರೂವರೆ ಸಾವಿರ ಕಟ್ಟಿ ಹನ್ನೊಂದು ದಿನ ಹೋದೆ.

ಆಮೇಲೆ ದುಡ್ಡನ್ನು ಆ ಮೀಟರಿಗೆ ಹಾಕುವ ಸ್ಟ್ರಿಪ್‌ಗೆ ಹಾಕಿದೆ. ಒಂದಕ್ಕೆ ಸುಮಾರು 20 ರೂಪಾಯಿ. ಎರಡು ತಿಂಗಳಲ್ಲಿ 80-90 ಸ್ಟ್ರಿಪ್ ಸುಟ್ಟೆ. ಮನೆಯವಳು ಬೈದಳು. ಆದರೆ ದಾರಿ ಸಿಕ್ಕಿದ್ದು ಅದರಿಂದಲೇ. ಮೊದಲು ಮೆಂತ್ಯೆ ಪಚಡಿ, ಹೆಸರುಕಾಳಿನ ಪಲ್ಯ, ಮೊಸರು. ಆಮೇಲೆ ಒಂದು ರೊಟ್ಟಿ. ಕೊನೆಗೆ ಅನ್ನ, ಅದೂ ಒಂದೇ ಸ್ಟೀಲ್ ಬಟ್ಟಲು, ತಲೆ ತಟ್ಟಿ ತುಂಬಿದ್ದು, ಗೋಪುರ ಇಲ್ಲ. ಕೈ ತೊಳೆದವನೇ ಹದಿನೈದು ನಿಮಿಷ ನಡಿಗೆ. ಬೇಸಿಗೆಯಲ್ಲಿ ಹೊರಗೆ ಕಾಲಿಡೋಕಾಗಲ್ಲ, ಗೋದಾಮಿನ ಚೀಲದ ಸಾಲುಗಳ ನಡುವೆ ಸುತ್ತುತ್ತೇನೆ. ಹಮಾಲರು ನಗುತ್ತಾರೆ. ಅದೇ ಬಟ್ಟಲು ಅನ್ನಕ್ಕೆ ಕೂತಿದ್ದರೆ 210, ನಡೆದರೆ 160ರ ಆಸುಪಾಸು.

ಭಾನುವಾರ ಅಂಜನಾದ್ರಿ ಬೆಟ್ಟ. ಮೆಟ್ಟಿಲು 500ಕ್ಕೂ ಜಾಸ್ತಿ. ಒಂದು ಸಲ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಗೊಂಡು, ಹುಮ್ಮಸ್ಸಿಗೆ ನಾಷ್ಟಾ ಬಿಟ್ಟು ಹತ್ತಿದೆ. ಅರ್ಧಕ್ಕೆ ಬೆವರು ಕಿತ್ತುಕೊಂಡು ಬಂತು, ಕೈ ನಡುಗಿ ಸ್ಟ್ರಿಪ್ ಕೆಳಗೆ ಬಿತ್ತು. ಎರಡನೆಯದರಲ್ಲಿ ನೋಡಿದರೆ ಶುಗರ್ 61ಕ್ಕೆ ಇಳಿದಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕಲ್ಲುಸಕ್ಕರೆ ಕೊಟ್ಟರು, ಬಚಾವಾದೆ. ಆ ವಾರವೇ ಡಾಕ್ಟರಿಗೆ ಹೇಳಿದೆ, ಮಾತ್ರೆ ಅರ್ಧ ಮಾಡಿದರು. ನಾನಾಗಿ ಇಳಿಸಿಲ್ಲ, ನೀವೂ ಆ ಕೆಲಸ ಮಾಡಬೇಡಿ. ಈಗ ಜೇಬಲ್ಲಿ ಗ್ಲೂಕೋಸ್ ಪುಡಿ ಇಲ್ಲದೆ ಬೆಟ್ಟದ ಕಡೆ ಹೋಗಲ್ಲ.

ತಂಗಳನ್ನ ಬಿಸಿ ಮಾಡಿ ತಿಂದರೆ ಶುಗರ್ ಕಡಿಮೆ ಏರುತ್ತೆ ಅಂತಾರೆ. ನಾಲ್ಕು ದಿನ ನೋಡಿದೆ. ಎರಡು ದಿನ 20ರಷ್ಟು ಕಡಿಮೆ, ಎರಡು ದಿನ ಏನೂ ಇಲ್ಲ. ಸುಮ್ನೆ ಬಿಟ್ಟೆ. ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ ಒಂದು ಪ್ಲೇಟಿಗೆ 250 ದಾಟಿತು. ಆದರೂ ಬಿಟ್ಟಿಲ್ಲ, ಹದಿನೈದು ದಿನಕ್ಕೊಮ್ಮೆ ತಿನ್ನುತ್ತೇನೆ, ಈಗ 180 ದಾಟಲ್ಲ. ಅದಕ್ಕೆ ಮುಂಚೆ ಏನು ತಿನ್ನುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಮೊನ್ನೆ ಅದೇ ಹೆಂಡತಿಯ ತಮ್ಮ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಬಂದ. "ಮಾಮಾ, ನಂದೂ ಒಮ್ಮೆ ನೋಡ್ರಿ" ಅಂತ ಬೆರಳು ಚಾಚಿದ. 212 ಬಂತು. ಸ್ಟ್ರಿಪ್ಪಿನ 20 ರೂಪಾಯಿ ಇಸ್ಕೊಂಡೇ ಬಟ್ಟಲು ತೋರಿಸಿದೆ.